ಹಲ್ಲಿನ ಗುರುತಿಲ್ಲದ ಬೋರಮಾಳ

ನಾನೊಂದು ಬೋರಮಾಳ ಸರ. ದುಂಡನೆಯ ಗುಂಡುಗಳನ್ನು ಕೆಂಪು ದಾರದಲ್ಲಿ ಪೋಣಿಸಿದ, ನಮ್ಮ ಕಡೆಯ ಹೆಂಗಸರು ಹೆಮ್ಮೆಯಿಂದ ಹಾಕಿಕೊಳ್ಳುವ ಸರ. ಆದರೆ ನಾನು ಬಂಗಾರವಲ್ಲ. ಹಿತ್ತಾಳೆ ಗುಂಡುಗಳೊಳಗೆ ಅರಗು ತುಂಬಿ, ಮೇಲೆ ಬಂಗಾರದ ನೀರು ಕುಡಿಸಿ ನನ್ನನ್ನು ಹುಟ್ಟಿಸಿದರು. ಹುಬ್ಬಳ್ಳಿಯ ಒಂದು ಓಣಿಯ ಹಿತ್ತಿಲಕೋಣೆ ನನ್ನ ತವರು.

ನಾನು ಕಣ್ಣು ಬಿಟ್ಟಾಗ ಪಕ್ಕದಲ್ಲಿ ನನ್ನದೇ ರೂಪದ ಇನ್ನೊಂದು ಸರ ಮಲಗಿತ್ತು. ಅದು ಅಪ್ಪಟ ಬಂಗಾರ. ಅದನ್ನು ತಂದು, ಅದರಂತೆಯೇ ನನ್ನನ್ನು ಮಾಡಿಸಿದವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಹಾರುದ್ರ.

"ಅದರಾಗ ಒಂದು ಗುಂಡು ಚಪ್ಪಟಿ ಆಗೇತ್ರಿ. ಇದರಾಗೂ ಹಂಗ ಮಾಡ್ಲೇನ್ರಿ?" ಎಂದು ಕೆಲಸದವನು ಕೇಳಿದ.

"ಬ್ಯಾಡ, ಎಲ್ಲಾ ದುಂಡಗ ಇರ್ಲಿ. ನಮ್ಮವ್ವಗ ಕಣ್ಣು ಮಂಜಾಗ್ಯಾವ. ಆಕಿಗೇನು ತಿಳಿತೈತಿ?"

ಆ ವರ್ಷ ಅವನು ಮಾರುಕಟ್ಟೆ ಸಮಿತಿಯ ಚುನಾವಣೆಗೆ ನಿಂತಿದ್ದ. ಬಂಗಾರದ ಸರ ಅದರ ಖರ್ಚಿಗೆ ಕರಗಿತು. ಅವನು ಸೋತ. ನಾನು ಅವನ ತಾಯಿಯ ಕೊರಳಿಗೆ ಹೋದೆ.

"ತಗೋ ಅವ್ವಾ, ದಾರ ಸವೆದಿತ್ತಲ್ಲ. ಹೊಸಾ ದಾರ ಹಾಕಿಸಿಕೊಂಡು ಬಂದೀನಿ."

ಕೊಟ್ರವ್ವ ನನ್ನನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಂಡಳು. ಮಗ ಹೊರಗೆ ಹೋದ ಮೇಲೆ ಅವಳ ಬೆರಳು ಗುಂಡಿನಿಂದ ಗುಂಡಿಗೆ ಸರಿಯತೊಡಗಿತು. ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಮುಟ್ಟಿ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತಳು.

"ನಿನ್ನ ಹಲ್ಲಿನ ಗುರ್ತು ಎಲ್ಲಿ ಹೋತೋ ನನ್ನಪ್ಪಾ..."

ಮಹಾರುದ್ರ ಕೂಸಾಗಿದ್ದಾಗ, ಹಲ್ಲು ಬರುವ ಹೊತ್ತಿನಲ್ಲಿ, ತಾಯಿಯ ತೊಡೆಯ ಮೇಲೆ ಕೂತು ಆ ಸರದ ಒಂದು ಗುಂಡನ್ನು ಕಚ್ಚಿ ಚಪ್ಪಟೆ ಮಾಡಿದ್ದನಂತೆ. ಅದನ್ನು ನೆಟ್ಟಗೆ ಮಾಡಲು ಅವಳು ಯಾವ ಪತ್ತಾರನಿಗೂ ಬಿಟ್ಟಿರಲಿಲ್ಲ. ಮಗನಿಗೆ ಅದು ನೆನಪಿರಲಿಲ್ಲ. ಕೊಟ್ರವ್ವ ಯಾರಿಗೂ ಏನೂ ಹೇಳಲಿಲ್ಲ. ನಾನು ಕೊರಳಲ್ಲೇ ಇದ್ದೆನಲ್ಲ, ಮಾತು ಗಂಟಲವರೆಗೆ ಬಂದು ಹಿಂದಿರುಗುವುದು ನನಗೆ ತಿಳಿಯುತ್ತಿತ್ತು.

ಬೇಸಿಗೆ ಬಂತು. ಬೆವರು ಬಿದ್ದಲ್ಲೆಲ್ಲ ನನ್ನ ಬಣ್ಣ ಸವೆದು, ಅವಳ ಕೊರಳಲ್ಲಿ ಹಸಿರು ಕಲೆ ಮೂಡಿತು. ಅದರ ಮೇಲೆ ಅವಳು ದಪ್ಪಗೆ ವಿಭೂತಿ ಬಳಿದುಕೊಳ್ಳತೊಡಗಿದಳು. "ವಯಸ್ಸಾದಂಗ ಕೊಟ್ರವ್ವ ಬಾಳ ಶರಣಿ ಆದಳು ನೋಡ್ರಿ" ಎಂದು ಓಣಿಯವರು ಮೆಚ್ಚಿಕೊಂಡರು.

ಆ ಮನೆಯಲ್ಲಿ ಮಗಳು ದಾನಮ್ಮನೂ ಇದ್ದಳು. ಗಂಡ ತೀರಿಕೊಂಡ ಮೇಲೆ ತನ್ನ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ಮಹಾರುದ್ರ ಹೆಂಡತಿಯೊಂದಿಗೆ ಬೇರೆ ಮನೆ ಮಾಡಿದ್ದ. ತಾಯಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಬಿದ್ದುಹೋದಾಗ ಹೇಲು ಉಚ್ಚೆ ಬಾಚಿದವಳು, ಗಂಜಿ ಕುಡಿಸಿದವಳು ದಾನಮ್ಮ. ಕೊರಳ ಹಸಿರನ್ನು ಸೀಗೆಕಾಯಿ ಹಾಕಿ ತಿಕ್ಕುತ್ತ, "ಮುಪ್ಪಿನ ಕಲೆ, ಹೋಗವಲ್ಲದು" ಎನ್ನುತ್ತಿದ್ದಳು.

ಒಂದು ದಿನ ಮಹಾರುದ್ರ ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಬಂದ. ತಾಯಿಯ ಹಾಸಿಗೆಯ ಪಕ್ಕದಲ್ಲೇ ಎಲ್ಲರೂ ಕೂತರು.

"ತಂಗಿ ಅವ್ವನ ಸೇವಾ ಮಾಡ್ಯಾಳ್ರಿ. ಆಕೀಗಿ ಅನ್ಯಾಯ ಆಗಬಾರದು. ಅವ್ವನ ಬೋರಮಾಳ ಆಕೀಗೇ ಇರ್ಲಿ. ಈ ಮನಿ ಒಂದು ನನಗ ಬಿಟ್ಟುಕೊಡ್ಲಿ" ಎಂದ.

ಹಿರಿಯರು ತಲೆದೂಗಿದರು. ಅಣ್ಣನ ದೊಡ್ಡ ಮನಸ್ಸಿಗೆ ದಾನಮ್ಮನ ಕಣ್ಣಲ್ಲಿ ನೀರು ಬಂತು.

ಕೊಟ್ರವ್ವನ ಎಡಗೈ ಮೇಲೆದ್ದು ನನ್ನನ್ನು ಹಿಡಿದು ಜಗ್ಗಿತು. ತಲೆ ಆಕಡೆ ಈಕಡೆ ಹೊರಳಿತು. ಬಾಯಿಂದ ಬರಿಯ ಊಳು ಹೊರಟಿತು. ಅವಳು ನನ್ನನ್ನು ಅಷ್ಟು ಬಲವಾಗಿ ಎಳೆದದ್ದು ಅದೇ ಮೊದಲು.

ಹಿರಿಯರಲ್ಲೊಬ್ಬ ನಕ್ಕ. "ನೋಡ್ರಪಾ, ಸಾಯೂ ಹೊತ್ತಿನಾಗೂ ಮುದುಕಿಗೆ ಬಂಗಾರದ ಆಸೆ ಬಿಟ್ಟಿಲ್ಲ!"

ಎಲ್ಲರೂ ನಕ್ಕರು. ಮಹಾರುದ್ರ ಮಾತ್ರ ಗೋಡೆಯ ಕಡೆ ಮುಖ ಮಾಡಿದ. ದಾನಮ್ಮ ತಾಯಿಯ ಕೈಯನ್ನು ಮೆಲ್ಲಗೆ ಬಿಡಿಸಿ, "ನಿನ್ನ ಕೊಳ್ಳಾಗ ಇರತೈತಿ ಬೇ, ನಾ ಈಗ ತಗೊಳ್ಳೂದಿಲ್ಲ" ಎಂದು ಸಮಾಧಾನ ಮಾಡಿ, ಅವರು ತೋರಿಸಿದಲ್ಲಿ ಸಹಿ ಹಾಕಿದಳು. ಯುಗಾದಿಯ ಮುಂಚೆ ಕೊಟ್ರವ್ವ ಸತ್ತಳು.

ದಾನಮ್ಮ ಬಾಡಿಗೆಯ ಕೋಣೆಗೆ ಹೋದಳು. ಮಾರನೆಯ ವರ್ಷ ಮಗಳ ಮದುವೆ ಗೊತ್ತಾಯಿತು. ನನ್ನನ್ನು ಮುರಿಸಿ ಅವಳಿಗೆ ಒಡವೆ ಮಾಡಿಸಬೇಕೆಂದು ಪತ್ತಾರ ಮೌನೇಶನ ಅಂಗಡಿಗೆ ಒಯ್ದಳು. ಅವನು ಒಂದು ಗುಂಡನ್ನು ಒರೆಗಲ್ಲಿಗೆ ತಿಕ್ಕಿದ. ಕಪ್ಪು ಕಲ್ಲಿನ ಮೇಲೆ ಹಳದಿ ಗೆರೆ ಬಿತ್ತು. ದಾನಮ್ಮನ ಮುಖ ಅರಳಿತು. ಅವನು ಆ ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟ. ಗೆರೆ ಹಸಿರಾಗಿ ನೊರೆಯೆದ್ದು ಕರಗಿಹೋಯಿತು. ಇನ್ನೊಂದು ಗುಂಡು ತಿಕ್ಕಿದ. ಅದೂ ಹಾಗೆಯೇ ಆಯಿತು.

"ತಂಗೀ, ಇದು ಬಂಗಾರ ಅಲ್ಲ."

"ಹಂಗ್ಯಾಕಂತಿ ಅಣ್ಣಾ? ನಮ್ಮವ್ವ ಸಾಯೂತನಕ ಹಾಕ್ಕೊಂಡಿದ್ದಳು."

"ಅವ್ವನ ಕೊಳ್ಳು ಹಸರಾಗತಿತ್ತೇನು?"

ವಿಭೂತಿ ಯಾಕೆ ಅಷ್ಟು ದಪ್ಪಗಿತ್ತು, ಆ ಕೈ ಯಾಕೆ ಜಗ್ಗಿತು ಎಂಬುದೆಲ್ಲ ಅಂಗಡಿಯ ಆ ಮಣೆಯ ಮೇಲೆ ಕೂತಲ್ಲೇ ದಾನಮ್ಮನಿಗೆ ಹೊಳೆದಿರಬೇಕು. ನನ್ನನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ನೇರ ಅಣ್ಣನ ಮನೆಗೆ ನಡೆದಳು. ಅಂಗಳದಲ್ಲಿ ಓಣಿಯವರು ಸೇರಿದರು. ಮಹಾರುದ್ರ ತಡವರಿಸಲೇ ಇಲ್ಲ.

"ನಮ್ಮವ್ವನ ಸರ ಅಪ್ಪಟ ಬಂಗಾರ ಅನ್ನೂದು ಊರಿಗೆಲ್ಲಾ ಗೊತ್ತೈತಿ. ಅವ್ವನ ಹಾಸಿಗಿ ಕಡೆ ಇದ್ದಾಕಿ ಯಾರು? ನಾನೋ, ನೀನೋ? ಬದಲಿ ಮಾಡಿ, ಈಗ ನನ್ನ ಮ್ಯಾಲ ಹಾಕ್ತಿಯೇನು?"

"ಅವ್ವಗ ಗೊತ್ತಿತ್ತಣ್ಣಾ. ಎಲ್ಲಾ ಗೊತ್ತಿದ್ದು ನಿನ್ನ ಮುಚ್ಚಿಟ್ಟಳು."

"ಸತ್ತಾಕಿನ್ನ ಸಾಕ್ಷಿ ಕರೀತೀ?"

ಜನ ಅವನ ಮಾತನ್ನೇ ನಂಬಿದರು. ಸುದ್ದಿ ಬೀಗರ ಮನೆಯನ್ನೂ ಮುಟ್ಟಿತು. ತಾಯಿಯ ಕೊರಳಿಗೇ ಕೈ ಹಾಕಿದವಳ ಮಗಳು ಬೇಡವೆಂದು ಅವರು ಹಿಂದೆ ಸರಿದರು.

ಕೊಟ್ರವ್ವನ ಪುಣ್ಯತಿಥಿಯ ದಿನ ದಾನಮ್ಮ ಕರೆಯದೆಯೇ ಅಣ್ಣನ ಮನೆಗೆ ಬಂದಳು. ಪಡಸಾಲೆಯಲ್ಲಿ ತಾಯಿಯ ದೊಡ್ಡ ಫೋಟೋ ಇತ್ತು. ಎಲ್ಲರೂ ನೋಡುತ್ತಿರುವಾಗಲೇ ಸೆರಗಿನ ಗಂಟು ಬಿಚ್ಚಿ ನನ್ನನ್ನು ತೆಗೆದು ಆ ಫೋಟೋಕ್ಕೆ ಹಾಕಿದಳು.

"ತಗೋ ಯವ್ವಾ. ನೀ ಬಾಯಿ ಬರೂವಾಗ ಹೇಳಲಿಲ್ಲ. ಮಗನ ಮಾನ ನೀನ ಹೊತ್ಕೋ. ನನ್ನ ಮಗಳ ಕೊಳ್ಳಿಗೆ ಹಾಕಬ್ಯಾಡ."

ಇಷ್ಟು ಹೇಳಿ, ಎಲೆಯ ಮುಂದೆ ಕೂರದೆ, ನೀರೂ ಮುಟ್ಟದೆ ಹೊರಟುಹೋದಳು. ಆ ಮನೆಯ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.

ಸೊಸೆ ನನ್ನನ್ನು ತೆಗೆದುಹಾಕಲು ಕೈ ಚಾಚಿದಳು. "ಇರ್ಲಿ ಬಿಡು, ಛಲೋ ಕಾಣತೈತಿ" ಎಂದ ಮಹಾರುದ್ರ. ಮುಂದಿನ ವಾರವೇ ಹುಬ್ಬಳ್ಳಿಗೆ ಒಯ್ದು ನನಗೆ ಮತ್ತೊಂದು ಸಲ ಬಂಗಾರದ ನೀರು ಕುಡಿಸಿದ.

ಈಗ ನನಗೆ ಮುಪ್ಪು. ಬೆವರಿಲ್ಲದ ಗಾಜಿನ ಮೇಲೆ, ಊದುಬತ್ತಿಯ ಹೊಗೆಯಲ್ಲಿ ಜೋತುಬಿದ್ದಿದ್ದೇನೆ. ಇಲ್ಲಿ ನನ್ನ ಬಣ್ಣ ಸವೆಯುವುದಿಲ್ಲ. ನನ್ನಂಥದ್ದನ್ನು ಪತ್ತೆ ಮಾಡಲು ಕಲ್ಲು ಬೇಕು, ಆಸಿಡ್ ಬೇಕು ಎನ್ನುತ್ತಾರೆ. ಅದು ನಿಜವಲ್ಲ. ಹಾಕಿಕೊಂಡವಳು ಒಮ್ಮೆ ಬೆರಳಾಡಿಸಿದರೆ ಸಾಕಿತ್ತು. ತಿಳಿದ ಮೇಲೆ ಬಾಯಿ ಬಿಡುವುದಷ್ಟೇ ಅವಳಿಂದ ಆಗಲಿಲ್ಲ.

ಮೊನ್ನೆ ಮಹಾರುದ್ರನ ಮಗನಿಗೆ ಹೆಣ್ಣು ಕೊಡಲು ದಾವಣಗೆರೆಯಿಂದ ಬೀಗರು ಬಂದಿದ್ದರು. ಅವರ ಹಿರಿಯ ನನ್ನನ್ನೇ ದಿಟ್ಟಿಸಿ ನೋಡಿ, "ಸತ್ತ ತಾಯಿ ಫೋಟೋಕ್ಕ ಬಂಗಾರದ ಸರ ಹಾಕೋ ಮಗನ್ನ ನಾ ಎಲ್ಲೂ ಕಂಡಿಲ್ರಿ" ಎಂದ.

ಮಹಾರುದ್ರ ತಲೆ ತಗ್ಗಿಸಿ, ಕೈ ಮುಗಿದ.

"ಅವ್ವಗಿಂತ ಬಂಗಾರ ದೊಡ್ಡದೇನ್ರಿ?"