ಜಮಾಲ್ ಕಲಿಸಿಕೊಟ್ಟ ಕೆಲಸ

ಬಾಳಗಡಿಯ ಜಮಾಲ್ ಸುತ್ತಲಿನ ನಾಲ್ಕು ಮನೆಗಳ ಈಜುಕೊಳ ನೋಡಿಕೊಳ್ಳುತ್ತಿದ್ದ. ಮಂಗಳೂರಿನ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಊರಿಗೆ ಮರಳಿದವನು. ವಾರಕ್ಕೆರಡು ಸಲ ಬೈಕಿನಲ್ಲಿ ಬಂದು ಎಲೆ ತೆಗೆದು, ಗೋಡೆ ಉಜ್ಜಿ, ಫಿಲ್ಟರ್ ತೊಳೆದು, ನೀರು ಪರೀಕ್ಷಿಸಿ ಔಷಧಿ ಹಾಕಿ ಹೋಗುತ್ತಿದ್ದ.

ಜಯಪುರದ ಯಜ್ಞೇಶ ಕೊಳ ಕಟ್ಟಿಸಿದ್ದು ಹೆಂಡತಿ ಶರ್ಮಿಳಾಗಾಗಿ. ಎರಡೂ ಮಂಡಿಗಳ ಆಪರೇಷನ್ ಆದ ಮೇಲೆ ನೀರಿನಲ್ಲಿ ನಡೆಯುವಂತೆ ಡಾಕ್ಟರು ಹೇಳಿದ್ದರು. ಎರಡು ವರ್ಷದಲ್ಲಿ ಅವಳು ಊರುಗೋಲು ಬಿಟ್ಟಳು. ಅಂದು ಜಮಾಲನನ್ನು ಗೇಟಿನವರೆಗೆ ಕಳಿಸಲು ತಾನೇ ನಡೆದು ಬಂದು, "ನೋಡಿದ್ಯಾ ಜಮಾಲ್, ಇದರಲ್ಲಿ ನಿಂದೂ ಪಾಲುಂಟು" ಎಂದಿದ್ದಳು.

ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ ಯಜ್ಞೇಶ ಮೊಬೈಲು ಹಿಡಿದುಕೊಂಡು ಬಂದ.

"ಇದರಲ್ಲಿ ಎಲ್ಲಾ ತೋರಿಸ್ತಾರೆ ಮಾರಾಯ. ಎಲೆ ತೆಗಿಯೋಕೆ, ಪುಡಿ ಹಾಕೋಕೆ ನಿನ್ನನ್ನೇ ಕಾಯ್ಬೇಕಾ? ನಂಗೂ ಸ್ವಲ್ಪ ಹೇಳಿಕೊಡು, ಇನ್ನು ನಾನೇ ಮಾಡ್ಕೊಳ್ತೇನೆ."

ಜಮಾಲ್ ಒಲ್ಲೆ ಎನ್ನಬಹುದಿತ್ತು. ಅನ್ನಲಿಲ್ಲ. ಮೂರು ವಾರ ಪಕ್ಕದಲ್ಲೇ ನಿಂತು, ಹೋಟೆಲಿನಲ್ಲಿ ತಾನು ಬೈಸಿಕೊಂಡು ಕಲಿತದ್ದನ್ನೆಲ್ಲ ಬೈಯದೆ ಕಲಿಸಿದ. ಕೊನೆಯ ದಿನ ಎರಡು ಬಕೆಟ್ ಎತ್ತಿ ತೋರಿಸಿದ.

"ಯಜ್ಞೇಶಣ್ಣ, ಉಳಿದದ್ದು ಮರೆತರೂ ಅಡ್ಡಿಲ್ಲ. ಆಸಿಡ್ಡಿಗೆ ಒಂದು ಬಕೆಟ್, ಕ್ಲೋರಿನ್ ಪುಡಿಗೆ ಇನ್ನೊಂದು. ಎರಡೂ ಒಂದೇ ದಿನ ಮುಟ್ಟಬೇಡಿ. ಸೇರಿದ್ರೆ ವಿಷಗಾಳಿ ಏಳ್ತದೆ."

"ಗೊತ್ತುಂಟು, ಗೊತ್ತುಂಟು." ಯಜ್ಞೇಶ ನಕ್ಕು ಒಂದು ಬಾಳೆಗೊನೆ ಕೊಟ್ಟು ಕಳಿಸಿದ.

ಎರಡು ತಿಂಗಳು ಎಲ್ಲ ಸರಿಯಿತ್ತು. ಏಪ್ರಿಲ್‌ನಲ್ಲಿ ಗಾಳಿಮಳೆಗೆ ನಾಲ್ಕು ದಿನ ಕರೆಂಟಿರಲಿಲ್ಲ. ಪಂಪು ನಿಂತು ನೀರು ಪಾಚಿಗಟ್ಟಿತು. ಯಜ್ಞೇಶ ಫೋನ್ ಮಾಡಿದಾಗ ಜಮಾಲ್ ಶೃಂಗೇರಿಯ ಹತ್ತಿರ ಸಚ್ಚಿದಾನಂದನ ಹೋಂಸ್ಟೇಯ ಕೊಳದಲ್ಲಿದ್ದ.

"ನಾಡಿದ್ದು ನಾನೇ ಬರ್ತೇನೆ ಅಣ್ಣ."

"ನೀನು ಬರೋದೆಂತಕ್ಕೆ? ಎಂತ ಹಾಕ್ಬೇಕು ಅಂತ ವಾಯ್ಸ್ ಮೆಸೇಜ್ ಹಾಕು, ಸಾಕು."

ಜಮಾಲ್ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿ ಕಳಿಸಿದ: ಇವತ್ತು ಕ್ಲೋರಿನ್ ಮಾತ್ರ, ಪಂಪು ಓಡ್ತಾ ಇರಲಿ, ಆಸಿಡ್ ಎರಡು ದಿನ ಬಿಟ್ಟು, ಬೇರೆ ಬಕೆಟ್ಟಿನಲ್ಲಿ.

ಮರುದಿನ ಯಜ್ಞೇಶನ ಮನೆಗೆ ನೆಂಟರು ಬರುವವರಿದ್ದರು. ಅಷ್ಟರೊಳಗೆ ನೀರು ತಿಳಿಯಾಗಲೆಂದು ಅವನು ಪುಡಿ ಉಳಿದಿದ್ದ ಬಕೆಟ್ಟಿಗೇ ಆಸಿಡ್ ಸುರಿದ. ಹಳದಿ ಹೊಗೆ ಬುಸ್ಸೆಂದು ಎದ್ದಿತು. ಯಜ್ಞೇಶ ಬಕೆಟ್ ಬಿಟ್ಟು ಓಡಿದ. ಕೊಳದ ಮೆಟ್ಟಿಲ ಮೇಲೆ ಶರ್ಮಿಳಾ ಕೂತಿದ್ದಳು. ಆ ಮಂಡಿಗಳಲ್ಲಿ ಅವಳಿಗೆ ಒಮ್ಮೆಲೇ ಏಳಲಾಗಲಿಲ್ಲ. ಅಡಿಗೆಯ ಸೀತಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗಿ ಅವಳನ್ನು ಎಳೆದು ತಂದಳು.

ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಶರ್ಮಿಳಾ ಮನೆಗೆ ಬಂದಳು. ಶ್ವಾಸಕೋಶ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಜಮಾಲ್ ನೋಡಲು ಹೋದ. ಜಗಲಿ ತುಂಬ ಜನ. ಅವನು ಕೂರುವ ಮೊದಲೇ ಯಜ್ಞೇಶ, "ಇವನೇ. ಎರಡೂ ಒಟ್ಟಿಗೆ ಹಾಕಿ ಅಂತ ಫೋನಲ್ಲಿ ಹೇಳಿದವನು ಇವನೇ" ಎಂದ.

ಜಮಾಲನ ಕೈ ಜೇಬಿಗೆ ಹೋಯಿತು. ಮೆಸೇಜು ತೆರೆದೂ ಆಗಿತ್ತು. ಆಗ ಶರ್ಮಿಳಾ ಜಗಲಿಯ ಮಂಚದಿಂದ ಕೈಯೆತ್ತಿದಳು.

"ಬೇಡ ಜಮಾಲ್," ಎಂದಳು, ಒಂದು ಉಸಿರೆಳೆದುಕೊಂಡು. "ಇವತ್ತು ಬೇಡ."

ಇವತ್ತು ಬೇಡ ಎಂದರೆ ಮುಂದೊಂದು ದಿನ ಇವಳೇ ಹೇಳುತ್ತಾಳೆ ಎಂದುಕೊಂಡ ಜಮಾಲ್. ಫೋನು ಜೇಬಿಗಿಟ್ಟು ಹೊರಟು ಬಂದ.

ಹೆಂಡತಿ ಹಬೀಬಾ ಸಿಟ್ಟಾದಳು. "ಅವರ ಮರ್ಯಾದೆ ಉಳಿಸಿ ಬಂದ್ರಿ. ನಿಮ್ಮದು?"

ತಿಂಗಳೊಳಗೆ ಉಳಿದ ಮೂರು ಮನೆಯವರೂ ಬರಬೇಡ ಎಂದರು. ಸಚ್ಚಿದಾನಂದನೊಬ್ಬ ಎದುರು ಕೂರಿಸಿಕೊಂಡು ಕಾರಣ ಹೇಳಿದ: "ಅಷ್ಟು ಜನರ ಮುಂದೆ ಬಾಯಿ ಬಿಡದೆ ಎದ್ದು ಬಂದ್ಯಂತೆ. ತಪ್ಪಿಲ್ಲದವ ಸುಮ್ಮನೆ ಬರ್ತಾನಾ ಮಾರಾಯ?"

ಜಮಾಲ್ ಮೆಸೇಜು ಕೇಳಿಸಿದ. ಸಚ್ಚಿದಾನಂದ ಕೊನೆಯವರೆಗೆ ಕೇಳಿದ.

"ಇದನ್ನ ಆವತ್ತೇ ಕೇಳಿಸಬೇಕಿತ್ತು. ಈಗ ಕೊಳದ ಕೆಲಸ ಶಿವಮೊಗ್ಗದ ಕಂಪನಿಯವರಿಗೆ ಒಪ್ಪಿಸಿ ಆಯ್ತಲ್ಲ."

ಈಜುಕೊಳದ ಕೆಲಸ ಅಲ್ಲಿಗೆ ಮುಗಿಯಿತು. ಜಮಾಲ್ ಮನೆಮನೆಯ ನೀರಿನ ಟ್ಯಾಂಕ್ ತೊಳೆಯತೊಡಗಿದ. ಜುಲೈನಲ್ಲಿ ಒಂದು ಮಧ್ಯಾಹ್ನ ಶೆಟ್ಟಿಕೊಪ್ಪದ ಮನೆಯೊಂದರ ತಾರಸಿಯಲ್ಲಿದ್ದಾಗ ಶರ್ಮಿಳಾ ಫೋನ್ ಮಾಡಿದಳು. ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು.

"ನಂಗೆ ಗೊತ್ತು ಜಮಾಲ್. ನೀನು ಹೇಳಿದ್ದನ್ನ ಇವರು ಜೋರಾಗಿ ಹಾಕಿ ಕೇಳಿದ್ರು. ನಾನೂ ಪೂರಾ ಕೇಳಿದ್ದೆ."

ಜಮಾಲ್ ಟ್ಯಾಂಕಿಗೆ ಒರಗಿ ನಿಂತ. ಎರಡು ತಿಂಗಳು ಕಾದ ಮಾತು ಬಂದೇಬಿಟ್ಟಿತು ಅನ್ನಿಸಿತು.

"ಅದಿನ್ನೂ ನಿನ್ನ ಹತ್ರ ಉಂಟಾ?"

"ಉಂಟಕ್ಕ."

"ಅಳಿಸಿಬಿಡ್ತೀಯಾ? ಸಚ್ಚಿದಾನಂದ ಇವರ ಹತ್ರ ಅದರ ಸುದ್ದಿ ತೆಗೆದ್ರಂತೆ. ಇವರು ಸರಿಯಾಗಿ ಊಟ ಮಾಡ್ತಿಲ್ಲ."

ನಿಮ್ಮನ್ನು ಹೊಗೆಯಲ್ಲಿ ಬಿಟ್ಟು ಓಡಿದವರ ಊಟದ ಚಿಂತೆಯೇ ಎಂದು ಜಮಾಲನಿಗೆ ಕೇಳಬೇಕೆನ್ನಿಸಿತು. ಕೇಳಲಿಲ್ಲ.

"ಅಕ್ಕ, ನಂಗಿರೋದು ಅದೊಂದೇ. ಈಗ ನಂಗೆ ಹೇಳಿದ್ದನ್ನ ನೀವು ಬೇರೆ ಒಬ್ಬರಿಗಾದ್ರೂ ಹೇಳಿ. ಅದೇ ಕ್ಷಣ ಅಳಿಸ್ತೇನೆ."

ಆ ಕಡೆಯಿಂದ ಫೋನ್ ಕಟ್ಟಾಯಿತು. ಅವಳು ಮತ್ತೆ ಮಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ.