‘ಬರಲಿ’ ಇದ್ದ ಜಾಗ

ಅಕ್ಕನಿಗೆ ಮಾತಿರಲಿಲ್ಲ. ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡು ಕಣ್ಣಿನ ಹೊರತು ಮೈಯಲ್ಲಿ ಏನೂ ಅಲ್ಲಾಡದಂತಾಗಿತ್ತು. ಕಿವಿ ಕೇಳುತ್ತಿತ್ತು, ಬುದ್ಧಿ ಮೊದಲಿನಷ್ಟೇ ಚುರುಕಾಗಿತ್ತು. ಹೌದಾದರೆ ಒಮ್ಮೆ ಕಣ್ಣು ಮಿಟುಕಿಸುತ್ತಿದ್ದಳು, ಅಲ್ಲವಾದರೆ ಎರಡು ಸಲ.

ತಂಗಿ ಪ್ರೋಗ್ರಾಂ ಬರೆಯುವವಳು. ಹಾಸಿಗೆಯ ಎದುರು ಒಂದು ಟ್ಯಾಬ್ಲೆಟ್ ಸಿಕ್ಕಿಸಿ, ಅದರ ಕ್ಯಾಮೆರಾ ಅಕ್ಕನ ನೋಟವನ್ನು ಹಿಂಬಾಲಿಸುವಂತೆ ಮಾಡಿದಳು. ಪರದೆಯ ತುಂಬ ಪದಗಳ ಬಟನ್‌ಗಳು. ಅಕ್ಕ ಯಾವುದನ್ನು ದಿಟ್ಟಿಸಿದರೆ ಅದನ್ನು ಟ್ಯಾಬ್ಲೆಟ್ ಗಟ್ಟಿಯಾಗಿ ಹೇಳುತ್ತಿತ್ತು. ಕೆಳಗಿನ ಪದ ಬೇಕಾದಾಗ ಅಂಚಿನಲ್ಲಿದ್ದ ಬಾಣವನ್ನು ನೋಡಿದರೆ ಪಟ್ಟಿ ಮೇಲಕ್ಕೆ ಸರಿಯುತ್ತಿತ್ತು. ಮಿಟುಕಿಸಿದರೆ ಕ್ಯಾಮೆರಾ ದಾರಿ ತಪ್ಪುತ್ತದೆಂದು ಆ ಹಳೆಯ ಪದ್ಧತಿಯನ್ನು ತಂಗಿಯೇ ಬಿಡಿಸಿದಳು.

ಮೊದಲ ದಿನ ಅಕ್ಕ “ಫ್ಯಾನ್” ಅಂದಳು. ಭಾವ ಎದ್ದು ಹಾಕಿದ. “ಸಾಕು” ಅಂದಳು. ಆರಿಸಿದ.

“ನೋಡಿದ್ಯಾ? ಬಾಯಿ ಬಂದಿದ್ದೇ ತಡ, ದಬಾಯಿಸೋಕೆ ಶುರು” ಎಂದು ಭಾವ ನಕ್ಕ. ನಕ್ಕವನು ಮುಖ ತೊಳೆಯಲು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ತಂಗಿ ಕೆಲಸಕ್ಕೆಂದು ತನ್ನ ಊರಿಗೆ ಹೋದಳು. ತಿಂಗಳ ಮೇಲೆ ಅವಳು ಮತ್ತೆ ಬಂದಾಗ ಭಾವ ಅಕ್ಕನ ತಲೆ ಬಾಚುತ್ತಿದ್ದ.

“ಇವತ್ತು ಭಾನುವಾರ ಅಲ್ವಾ ಭಾವ? ಪುಟ್ಟಿ ಎಲ್ಲಿ?”

“ಅಜ್ಜಿ ಮನೇಲೇ ಇದಾಳೆ. ಕರ್ಕೊಂಡು ಬರೋದು ಬೇಡ ಅಂದ್ಬಿಟ್ಳು ನಿಮ್ಮಕ್ಕ.”

“ಸುಮ್ನಿರಿ. ಹೆತ್ತ ಮಗಳನ್ನ ಯಾರಾದ್ರೂ ಬೇಡ ಅಂತಾರಾ?”

“ನಾನೇನು ಕತೆ ಕಟ್ತಿದೀನಾ? ನೀನೇ ಕೇಳು.”

ತಂಗಿ ಕೇಳಿದಳು. ಅಕ್ಕ ಬಾಣವನ್ನು ನೋಡಿದಳು. ಪಟ್ಟಿ ಸರಿಯಿತು. ನೋಟ ಒಂದು ಕಡೆ ನಿಂತಿತು.

“ಬೇಡ” ಎಂದಿತು ಟ್ಯಾಬ್ಲೆಟ್.

ಅಕ್ಕ ನೋಟ ಕೀಳಲಿಲ್ಲ. “ಬೇಡ. ಬೇಡ.” ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಭಾವ ಬಟ್ಟೆಯಿಂದ ಒರೆಸಿದ. “ಪ್ರತಿ ಭಾನುವಾರ ಕೇಳಿದಾಗ್ಲೂ ಹೀಗೇ ಅಳ್ತಾಳೆ. ಮಗು ತನ್ನನ್ನ ಹೀಗೆ ನೋಡೋದು ಬೇಡ ಅಂತ ಇರ್ಬೇಕು. ನಾನೂ ಒತ್ತಾಯ ಮಾಡ್ಲಿಲ್ಲ.”

ತಂಗಿ ಪರದೆಯನ್ನೇ ನೋಡುತ್ತ ನಿಂತಳು. ‘ಬೇಡ’ ಇದ್ದದ್ದು ಪಟ್ಟಿಯ ಮೊದಲ ಸಾಲುಗಳಲ್ಲಿ. ಅದನ್ನು ಹೇಳಲು ಪಟ್ಟಿಯನ್ನು ಸರಿಸುವ ಅಗತ್ಯವೇ ಇರಲಿಲ್ಲ.

“ಭಾವ, ಬೇಡ ಅನ್ನೋಕೆ ಇವಳ್ಯಾಕೆ ಕೆಳಗೆ ಹೋಗ್ತಾಳೆ?”

“ಅದು ನಂಗೆ ಹೇಗೆ ಗೊತ್ತಾಗ್ಬೇಕು? ಮಾಡಿದೋಳು ನೀನು.”

ಲ್ಯಾಪ್‌ಟಾಪ್ ಜೋಡಿಸಿ, ಪ್ರೋಗ್ರಾಂ ಯಾವ ಬಟನ್ ಎಲ್ಲಿದೆ ಎಂದುಕೊಂಡಿದೆಯೋ ಅಲ್ಲಿ ಕೆಂಪು ಚೌಕ ಬರೆಯುವಂತೆ ಮಾಡಿದಳು. ಪಟ್ಟಿ ಸರಿದಾಗ ಬಟನ್‌ಗಳು ಮೇಲೆ ಹೋದವು. ಚೌಕಗಳು ಇದ್ದಲ್ಲೇ ಉಳಿದವು.

ಬಟನ್ ಒಂದು ಸಾಲಿನೊಳಗಿತ್ತು, ಸಾಲು ಪಟ್ಟಿಯೊಳಗೆ, ಪಟ್ಟಿ ಪುಟದೊಳಗೆ. ಎಲ್ಲಿದ್ದೀಯ ಎಂದು ಬಟನ್ನನ್ನು ಕೇಳಿದರೆ ತನ್ನ ಸಾಲಿನ ಅಂಚಿನಿಂದ ಎಷ್ಟು ದೂರ ಎಂದಷ್ಟೇ ಹೇಳುತ್ತದೆ. ಸಾಲನ್ನು ಕೇಳಿದರೆ ಪಟ್ಟಿಯ ಅಂಚಿನಿಂದ. ಒಳಗಿನಿಂದ ಹೊರಗಿನವರೆಗೆ ಎಲ್ಲವನ್ನೂ ಕೂಡಿದರೆ ಪರದೆಯ ಮೇಲಿನ ಜಾಗ ಸಿಗುತ್ತದೆ. ತಂಗಿ ಕೂಡಿದ್ದಳು. ಪಟ್ಟಿ ಎಷ್ಟು ಸರಿದಿದೆಯೋ ಅಷ್ಟನ್ನು ಕಳೆದಿರಲಿಲ್ಲ. ಅವಳ ಮೇಜಿನ ದೊಡ್ಡ ಪರದೆಯಲ್ಲಿ ಎಲ್ಲ ಪದಗಳೂ ಒಟ್ಟಿಗೆ ಹಿಡಿಸುತ್ತಿದ್ದವು. ಅಲ್ಲಿ ಪಟ್ಟಿ ಒಮ್ಮೆಯೂ ಸರಿದಿರಲಿಲ್ಲ. ಇಲ್ಲಿ ಅಕ್ಕ ನೋಡುತ್ತಿದ್ದದ್ದು ‘ಬರಲಿ’ಯನ್ನು. ಪ್ರೋಗ್ರಾಂ ಲೆಕ್ಕದಲ್ಲಿ ಅಲ್ಲಿ ಇನ್ನೂ ‘ಬೇಡ’ ಕೂತಿತ್ತು.

ಪ್ರೋಗ್ರಾಂನ ಒಂದು ಸಾಲು ತಿದ್ದಿದಳು. ಅದನ್ನೂ ಒಮ್ಮೆ ತಪ್ಪಾಗಿ ಬರೆದು, ಅಳಿಸಿ, ಮತ್ತೆ ಬರೆದಳು.

“ಅಕ್ಕಾ, ಪುಟ್ಟಿ ಬರ್ಬೇಕಾ?”

ಬಾಣ. ಪಟ್ಟಿ ಸರಿಯಿತು.

“ಬರಲಿ.”

ಭಾವನ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. ಅಕ್ಕನ ನೋಟ ಇನ್ನೂ ಕೆಳಗಿಳಿಯಿತು. ಬೈಗುಳವಿಲ್ಲದ ಅಕ್ಕನನ್ನು ಊಹಿಸಲಾಗದೆ ತಂಗಿ ಪಟ್ಟಿಯ ಕೊನೆಗೆ ಒಂದು ಪದ ಹಾಕಿಟ್ಟಿದ್ದಳು.

“ಕತ್ತೆ” ಎಂದಿತು ಟ್ಯಾಬ್ಲೆಟ್.

“ಇದು ನಿಂಗೋ, ನಂಗೋ?” ಭಾವ ಬಾಚಣಿಗೆ ಕೆಳಗಿಟ್ಟ.

“ನಂಗೇ ಭಾವ. ನೀವು ಹೊರಡಿ, ಕರ್ಕೊಂಡು ಬನ್ನಿ.”

ಸಂಜೆಗೆ ಮುಂಚೆಯೇ ಪುಟ್ಟಿ ಬಂದಳು. ಹಾಸಿಗೆ ಹತ್ತಿ ಅಮ್ಮನ ಕಣ್ಣಿನ ನೇರಕ್ಕೆ ಮುಖ ತಂದು ಬಾಯಿ ಅಗಲಿಸಿದಳು.

ಅಷ್ಟರಲ್ಲಿ ಹೋದದ್ದು ನಾಲ್ಕು ಭಾನುವಾರ, ಬಾಯಿಯ ಮುಂಭಾಗದ ಎರಡು ಹಾಲುಹಲ್ಲು.