ಎಡಗಡೆಯ ಅರ್ಧ

ಕಾಗದದ ಮನೆಯ ಬಾಗಿಲು ಕಿರಿದಾಗಿತ್ತು. ಕಾಗದದ ಟಿ.ವಿ.ಯನ್ನು ಅದರೊಳಗೆ ತೂರಿಸಲು, ಅವನ್ನು ಮಾಡಿಕೊಟ್ಟ ಅಂಗಡಿಯ ಮುದುಕ ಲೋಕ್ ಒಂದು ಕಡೆಯಿಂದ, ಯೀ ತೆಂಗ್ ಇನ್ನೊಂದು ಕಡೆಯಿಂದ ಹೆಣಗುತ್ತಿದ್ದರು. ಚೌಕಟ್ಟಿನ ಬಿದಿರುಕಡ್ಡಿ ಪಟ್ಟೆಂದು ಮುರಿಯಿತು. ಲೋಕ್ ನಾಲಗೆ ಕಚ್ಚಿಕೊಂಡು ಜೇಬಿನಿಂದ ಅಂಟಿನ ಡಬ್ಬಿ ತೆಗೆದ.

ಸಾವ್ ಪಿಂಗ್ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಗಳ ಈ ಪರದಾಟವನ್ನು ನೋಡುತ್ತಿದ್ದಳು. ಅವಳ ಗಂಡ ಕಾಮ್ ಹೋಯ್ ಸತ್ತು ಇದು ಮೂರನೆಯ ದಿನ. ಎರಡು ಗಂಟೆಗೆ ಶವದ ಪೆಟ್ಟಿಗೆ ಮನೆಯಿಂದ ಹೊರಡಬೇಕು. ಅದಕ್ಕೆ ಮೊದಲು ಈ ಕಾಗದದ ಮನೆಯನ್ನೂ ಅದರೊಳಗಿನ ಸಾಮಾನನ್ನೂ ಸುಟ್ಟು ಅವನಿಗೆ ಮುಟ್ಟಿಸಬೇಕು. ಮೂರು ದಿನದಿಂದ ಬಂದವರಿಗೆಲ್ಲ ಕಾಫಿ, ಕಡಲೆಕಾಯಿ, ಸಾವಿನ ಅಶುಭ ಅಂಟದಿರಲೆಂದು ಕೆಂಪು ದಾರ ಕೊಟ್ಟು ಕೊಟ್ಟು ಅವಳ ಕೈ ಸೋತಿತ್ತು. ಅಳು ಬರುತ್ತಿರಲಿಲ್ಲ, ನಿದ್ದೆ ಬರುತ್ತಿತ್ತು. ಅದು ಯಾರಿಗೂ ಕಾಣಬಾರದೆಂದು ಆಗಾಗ ಕಣ್ಣೊರೆಸಿಕೊಳ್ಳುತ್ತಿದ್ದಳು. ನೋಡಿದವರು ಪಾಪ ಅಳುತ್ತಿದ್ದಾಳೆಂದು ತಿಳಿದರು.

ಮನೆಯನ್ನು ಸರಿಮಾಡಿ ಲೋಕ್ ಕೊನೆಯ ಸಾಮಾನನ್ನು ಚೀಲದಿಂದ ಹೊರತೆಗೆದ. ಅದು ಟಿ.ವಿ. ಆಟ ಆಡಲು ಕಾಮ್ ಹೋಯ್ ಹಿಡಿಯುತ್ತಿದ್ದ ಗೇಮ್‌ಪ್ಯಾಡಿನ ನಕಲು. ಬೂದುಬಣ್ಣದ ರಟ್ಟು, ಎಡಗಡೆ ಕಪ್ಪು ಬಣ್ಣದಲ್ಲಿ ಬರೆದ ಕೂಡುಗುರುತಿನಂಥ ಗುಂಡಿ, ಬಲಗಡೆ ಎರಡು ಕೆಂಪು ಗುಂಡಿ. ಮುದುಕ ಅಷ್ಟಕ್ಕೇ ಬಿಡದೆ, ಮಾರುದ್ದದ ಕಪ್ಪು ದಾರವೊಂದನ್ನು ಅಂಟಿಸಿ ಅದರ ಇನ್ನೊಂದು ತುದಿಯನ್ನು ಟಿ.ವಿ.ಗೆ ಸಿಕ್ಕಿಸಲು ಹೊರಟ.

"ಲೋಕ್ ತಾತ, ಇದಕ್ಕೆ ವೈರ್ ಇರಲ್ಲ," ಎಂದಳು ಯೀ ತೆಂಗ್.

"ವೈರ್ ಇಲ್ದೆ ಒತ್ತಿದ್ದು ಟಿ.ವಿ.ಗೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ. ಒಳಗೆ ಬ್ಯಾಟರಿ ಇರುತ್ತೆ, ಚಾರ್ಜ್ ಮಾಡೋದು."

"ಇಲ್ಲಿ ನೀನು ಮಾಡ್ತಿದ್ದೆ. ಅಲ್ಲಿ ಯಾರಮ್ಮ ಮಾಡ್ತಾರೆ?"

ಯೀ ತೆಂಗ್ ಕತ್ತರಿಯಿಂದ ದಾರವನ್ನು ಕತ್ತರಿಸಿದಳು. ಈ ಬ್ಯಾಟರಿಯ ದೆಸೆಯಿಂದಲೇ ಮುದುಕನಿಗೆ ಈ ಕೆಲಸ ಬಂದದ್ದು. ಮೊನ್ನೆ ಪೆಟ್ಟಿಗೆ ಮುಚ್ಚುವಾಗ ಅವಳು ಅಪ್ಪನ ನಿಜವಾದ ಪ್ಯಾಡನ್ನು ಅವನ ಕೈಗೆ ಕೊಡಲು ಹೋಗಿದ್ದಳು. ಬ್ಯಾಟರಿ ಇರುವುದು ಸುಡುವ ಒಲೆಯಲ್ಲಿ ಸಿಡಿಯುತ್ತದೆ ಎಂದು ಪೆಟ್ಟಿಗೆಯವರು ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಕಾಗದದ್ದಾದರೂ ಹೋಗಲಿ ಎಂದು ಅವಳೇ ಲೋಕ್‌ನ ಅಂಗಡಿಗೆ ಓಡಿದ್ದಳು.

ಆಗ ಕಾಮ್ ಹೋಯ್‌ನ ಅಕ್ಕ ಯೋಕ್ ಚಾನ್ ಊರುಗೋಲೂರಿಕೊಂಡು ಬಂದಳು. ಎಪ್ಪತ್ತೆರಡು ವರ್ಷದ ಆಕೆ ಈ ಮೂರೂ ದಿನ ಶಾಸ್ತ್ರದಲ್ಲಿ ಒಂದು ಕೂದಲೆಳೆಯಷ್ಟೂ ಲೋಪವಾಗದ ಹಾಗೆ ಕಾದವಳು. ರಟ್ಟಿನ ಪ್ಯಾಡನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿ ನೋಡಿದಳು.

"ಪಿಂಗ್, ಇದು ನೀವಿಬ್ರೂ ಹಿಡ್ಕೊಂಡು ಕೂರ್ತಿದ್ದ ಸಾಮಾನಲ್ವಾ?"

ಹೌದೆಂದಳು ಸಾವ್ ಪಿಂಗ್.

"ಹಂಗಾದ್ರೆ ಇದು ಇಡಿಯಾಗಿ ಹೋಗೋ ಹಾಗಿಲ್ಲ."

*

ಕಾಮ್ ಹೋಯ್ ತಮ್ಮೂರು ಮೆಂಗ್ಲೆಂಬುವಿನ ಅಡ್ಡರಸ್ತೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಸಾವ್ ಪಿಂಗ್ ಅಮ್ಮನ ಟಿ.ವಿ.ಯನ್ನು ತಂದು ಕೊಟ್ಟಿದ್ದಳು. ಬಿಡಿಭಾಗ ಪೆನಾಂಗ್‌ನಿಂದ ಬರಬೇಕು, ಬರಬೇಕು ಎಂದು ಅವನು ಒಂದು ತಿಂಗಳು ಓಡಾಡಿಸಿದ. ಟಿ.ವಿ. ಎರಡನೆಯ ದಿನವೇ ಸರಿಯಾಗಿತ್ತು. ಬಣ್ಣ ಚೆನ್ನಾಗಿ ಬರುತ್ತಿದೆಯೆಂದು ಅವನು ಅದಕ್ಕೆ ತನ್ನ ಆಟದ ಡಬ್ಬಿ ಸಿಕ್ಕಿಸಿ, ಇಟ್ಟಿಗೆ ಗೋಡೆಗಳ ಸಂದಿಯಲ್ಲಿ ಟ್ಯಾಂಕು ಓಡಿಸುತ್ತ ಕೂತಿದ್ದ. ಗೊತ್ತಾದ ದಿನ ಅವಳು ಬಾಯಿಗೆ ಬಂದ ಹಾಗೆ ಬೈದಳು. ಮುಂದಿನ ವರ್ಷ ಅವನನ್ನೇ ಮದುವೆಯಾದಳು.

ಜನ ಟಿ.ವಿ. ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಅವನು ಶಾಲೆ ಮಕ್ಕಳ ವ್ಯಾನು ಓಡಿಸಿದ. ಐವತ್ತೈದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, ಒಂಬತ್ತು ಮಕ್ಕಳಿದ್ದ ವ್ಯಾನನ್ನು ರಸ್ತೆಯ ಪಕ್ಕಕ್ಕೆ ಜೋಪಾನವಾಗಿ ತಂದು ನಿಲ್ಲಿಸಿ, ಆಮೇಲೆ ಕುಸಿದ. ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಯಿತು. ಕೈಗೆ ವ್ಯಾಯಾಮವಾಗಲೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಅವನು ಬಲಗೈಯಿಂದ ಕಿಟಕಿಯಾಚೆ ಎಸೆದ.

ಆಗ ಯೀ ತೆಂಗ್ ಅಪ್ಪನಿಗೆಂದು ಹಳೆಯ ಆಟಗಳನ್ನೆಲ್ಲ ತುಂಬಿದ ಪುಟ್ಟ ಡಬ್ಬಿಯನ್ನೂ, ಹಳೆಯದರ ಪಡಿಯಚ್ಚಿನಂತಿದ್ದ, ಆದರೆ ವೈರಿಲ್ಲದ ಪ್ಯಾಡನ್ನೂ ತಂದಳು. ಮಂಚದಿಂದಲೇ ಆಡಬಹುದು ಎಂದಳು. ಆದರೆ ಟ್ಯಾಂಕು ಓಡಿಸುವ ಗುಂಡಿ ಇದ್ದದ್ದು ಎಡಗಡೆ. ಬಲಗೈಯಲ್ಲಿ ಅವನು ಗುಂಡು ಹಾರಿಸಬಲ್ಲ, ಒಂದು ಹೆಜ್ಜೆ ಕದಲಲಾರ. ಸ್ವಲ್ಪ ಹೊತ್ತು ಹಾರಿಸಿ ಪ್ಯಾಡನ್ನು ಹಾಸಿಗೆಯ ಮೇಲೆ ಹಾಕಿಬಿಟ್ಟ. ಸಾವ್ ಪಿಂಗ್‌ಗೆ ಅವನ ಮುಖ ನೋಡಲಾಗಲಿಲ್ಲ. ಪಕ್ಕದಲ್ಲಿ ಕೂತು, ಎಡಕ್ಕೆ ಜೋಲುತ್ತಿದ್ದ ಅವನ ಬೆನ್ನಿಗೆ ಬಲತೋಳು ಕೊಟ್ಟು, ತನ್ನ ಎಡಗೈಯಿಂದ ಪ್ಯಾಡಿನ ಎಡತುದಿಯನ್ನು ಹಿಡಿದಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿತ್ತು ಆ ಆಟ. ಅವನು ಮೇಲೆ ಎಂದರೆ ಅವಳು ಕೆಳಗೆ ಒತ್ತುವಳು. ನಿದ್ದೆ ಮಾಡ್ತಿದೀಯೇನೇ ಎಂದು ಅವನು ಗದರುವನು, ನೀವೇ ಓಡ್ಸಿಕೊಳ್ಳಿ ಹಂಗಾದ್ರೆ ಎಂದು ಅವಳು ಸಿಡುಕುವಳು. ಆರು ತಿಂಗಳಾಗುವ ಹೊತ್ತಿಗೆ ಅವನು ಬಾಯಿ ಬಿಡುವ ಮೊದಲೇ ಅವಳ ಹೆಬ್ಬೆರಳು ತಿರುಗುತ್ತಿತ್ತು. ಹಾಗೆ ನಾಲ್ಕು ವರ್ಷ. ದಿನಾ ಅವನಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ಉಳಿದ ಹೊತ್ತು ಟ್ಯಾಂಕು. ಅವಳಿಗೆ ಆ ಆಟ ಒಂದು ದಿನವೂ ಇಷ್ಟವಾಗಲಿಲ್ಲ.

*

ಯೋಕ್ ಚಾನ್ ಹೇಳುವುದರಲ್ಲಿ ಹೊಸದೇನೂ ಇರಲಿಲ್ಲ. ಗಂಡ ಸತ್ತಾಗ ಹೆಂಡತಿ ಬಾಚಣಿಗೆಯನ್ನು ಎರಡು ತುಂಡು ಮಾಡಬೇಕು, ಒಂದು ತುಂಡು ಪೆಟ್ಟಿಗೆಗೆ, ಇನ್ನೊಂದನ್ನು ತಿರುಗಿ ನೋಡದೆ ಎಸೆಯಬೇಕು. ಋಣ ಅಲ್ಲಿಗೆ ಹರಿಯಿತು. ಮೊನ್ನೆ ಸಾವ್ ಪಿಂಗ್ ಅದನ್ನು ಮಾಡಿದ್ದಳು. ಬಾಚಣಿಗೆ ಮುರಿದು ಇದನ್ನು ಇಡಿಯಾಗಿ ಕಳಿಸಿದರೆ ಏನು ಬಂತು, ಎಡಗಡೆಯ ಅರ್ಧ ಯಾರದು ಎಂದು ಅವನಿಗೆ ಗೊತ್ತಿಲ್ಲವೇ, ಆಡಲು ಕೂತಾಗ ಅವನು ಕರೆಯುವುದು ಯಾರನ್ನು ಎಂದು ಅತ್ತಿಗೆ ಕೇಳಿದಳು.

"ಅತ್ತೆ, ಅಲ್ಲಿಗೆ ಹೋದ್ಮೇಲೆ ಅಪ್ಪನ ಕೈ ಸರಿಹೋಗಿರುತ್ತೆ," ಎಂದಳು ಯೀ ತೆಂಗ್. "ಅವರಿಗೆ ಪೂರ್ತಿ ಪ್ಯಾಡೇ ಬೇಕು."

"ಸರಿಹೋಗಿರುತ್ತೆ ಅಂತ ಯಾರು ಬಂದು ಹೇಳಿದ್ರು ನಿಂಗೆ?"

ಪುರೋಹಿತನನ್ನು ಕೇಳಿದರು. ಅವನು ಗಡಿಯಾರ ನೋಡಿಕೊಂಡು, ಶಾಸ್ತ್ರದಲ್ಲಿ ಗೇಮ್‌ಪ್ಯಾಡಿನ ವಿಚಾರ ಬಂದಿಲ್ಲ, ಮನೆಯವರು ಹೇಗೆ ಮಾಡಿದರೂ ಒಂದೂವರೆಯೊಳಗೆ ಮಾಡಿ ಎಂದ. ಹೊತ್ತು ಕಳೆಯಲು ಮೇಜಿನ ಸುತ್ತ ಕೂತು ಮಾಹ್ಜಾಂಗ್ ಬಿಲ್ಲೆಯಾಟ ಆಡುತ್ತಿದ್ದ ನಾಲ್ವರು ನೆರೆಯವರಲ್ಲಿ ಇಬ್ಬರು ಕತ್ತರಿಸಿ ಎಂದರು, ಒಬ್ಬ ಬೇಡವೆಂದ. ನಾಲ್ಕನೆಯವನು ತನ್ನ ಸರದಿ ನೋಡಿಕೊಂಡ.

ಯೋಕ್ ಚಾನ್ ತಮ್ಮನ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ನಿಧಾನವಾಗಿ ಕೂತಳು. ಅವಳ ದನಿ ಇಳಿದಿತ್ತು.

"ಅಪ್ಪ ಹೋದಾಗ ಮಾಹ್ಜಾಂಗ್ ಸೆಟ್ ಇಡಿಯಾಗಿ ಸುಟ್ವಿ, ಪ್ರೀತಿಯಿಂದ. ನಲವತ್ತು ದಿನಕ್ಕೆ ಅಮ್ಮ ಹೋದ್ಳು. ಆ ಆಟಕ್ಕೆ ನಾಲ್ಕು ಜನ ಬೇಕು, ಪಿಂಗ್. ಇನ್ನೂ ಇಬ್ರು ಕಮ್ಮಿ ಅಂತ ನಾನು ಒಂದು ವರ್ಷ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ನನ್ನ ತಮ್ಮ ಒಳ್ಳೆಯವನೇ. ಆದ್ರೆ ಕರೆಯೋಕೆ ಶುರುಮಾಡಿದ್ರೆ ಬಿಡೋನಲ್ಲ. ನಾಲ್ಕು ವರ್ಷ ಮಾಡಿದೀಯ, ಸಾಕು."

ಸಾಕು ಎಂಬ ಆ ಮಾತನ್ನು ಈ ಮೂರು ದಿನದಲ್ಲಿ ಯಾರೂ ಆಡಿರಲಿಲ್ಲ. ಬಂದವರೆಲ್ಲ ನೀನಿಲ್ಲದಿದ್ದರೆ ಅವನು ಯಾವಾಗಲೋ ಹೋಗಿರುತ್ತಿದ್ದ ಎಂದು ಹೊಗಳಿದ್ದರು. ಸಾವ್ ಪಿಂಗ್‌ಗೆ ಅವನ ಹಿಂದೆ ಹೋಗುವುದು ಬೇಡವಾಗಿತ್ತು. ಅರವತ್ತೊಂದು ವಯಸ್ಸು, ಬೆಳಿಗ್ಗೆ ಎದ್ದು ಯಾರ ಬಟ್ಟೆಯನ್ನೂ ಬದಲಿಸದೆ ಒಂದು ಲೋಟ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯಬೇಕೆಂಬ ಆಸೆ ಅವಳಿಗಿತ್ತು. ಗಂಡನ ಪೆಟ್ಟಿಗೆ ಇನ್ನೂ ಮನೆಯಲ್ಲಿರುವಾಗಲೇ ಹೀಗೆ ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಹಾಗಿದ್ದರೆ ಕತ್ತರಿಸಿಬಿಡಬಹುದಿತ್ತು. ಆದರೆ ಬರಿಯ ಬಲಗಡೆಯ ಅರ್ಧ ಕೈಯಲ್ಲಿದ್ದರೆ ಕಾಮ್ ಹೋಯ್‌ನ ಗತಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳೊಬ್ಬಳೇ ಅದನ್ನು ಕಂಡವಳು.

*

ಅದು ನಡೆದದ್ದು ಹೊಸವರ್ಷದ ಹಬ್ಬ ಮುಗಿದ ವಾರ. ಹಿಂದಿನ ರಾತ್ರಿ ಅವನಿಗೆ ನಾಲ್ಕು ಸಲ ಹಾಸಿಗೆ ಬದಲಿಸಿದ್ದಳು. ಮಧ್ಯಾಹ್ನ ಆಟದ ನಡುವೆ ಅವಳ ಹೆಬ್ಬೆರಳು ತಡವಾಯಿತು, ಟ್ಯಾಂಕು ಹೋಯಿತು. ಅವನು ಎಂದಿನಂತೆ ಗದರಿದ. ಅದು ಎಂದಿನ ಗದರಿಕೆಯೇ, ಹೆಚ್ಚೇನಲ್ಲ. ಅವಳು ಬೆನ್ನ ಹಿಂದಿನ ತೋಳು ತೆಗೆದು, ದಿಂಬು ಕೊಟ್ಟು, ನನಗೆ ಸಾಕಾಗಿದೆ ಎಂದು ಎದ್ದು ಅಡುಗೆಮನೆಗೆ ಹೋದಳು.

ಅವನು ಕರೆಯಲಿಲ್ಲ. ಅಲ್ಲಿಂದ ಗುಂಡಿಯ ಸದ್ದು ಮಾತ್ರ ಕೇಳುತ್ತಿತ್ತು, ಟಕ್, ಟಕ್, ಟಕ್. ಇಣುಕಿ ನೋಡಿದಳು. ಟಿ.ವಿ.ಯಲ್ಲಿ ಅವನ ಟ್ಯಾಂಕು ಮೂಲೆಯೊಂದರಲ್ಲಿ ನಿಂತಲ್ಲೇ ನಿಂತು, ಒಡೆಯದ ಕಬ್ಬಿಣದ ಗೋಡೆಗೆ ಗುಂಡು ಹಾರಿಸುತ್ತಿತ್ತು. ಶತ್ರುಗಳು ಹಿಂದಿನಿಂದ ಆರಾಮವಾಗಿ ಬರುತ್ತಿದ್ದರು. ಅವನಿಗೆ ಅದು ಕಾಣುತ್ತಿತ್ತು. ಕಂಡೂ ಅವನು ಗೋಡೆಗೇ ಹಾರಿಸುತ್ತಿದ್ದ, ಕೊನೆಯ ಟ್ಯಾಂಕು ಹೋಗುವವರೆಗೂ.

ಮರುದಿನದಿಂದ ಮತ್ತೆ ಅವಳು ಪಕ್ಕದಲ್ಲಿ ಕೂತಳು.

*

"ಕತ್ತರಿ ಕೊಡು," ಎಂದಳು ಸಾವ್ ಪಿಂಗ್.

ಯೀ ತೆಂಗ್ ಕೊಡದೆ ಅಮ್ಮನ ಮುಖ ನೋಡಿದಳು. "ಅಮ್ಮ, ನೀನೂ ಇದನ್ನೆಲ್ಲ ನಂಬ್ತೀಯಾ?"

"ನಂಬೋಕೂ ಬಿಡೋಕೂ ನಂಗೆ ಶಕ್ತಿ ಇಲ್ಲ. ಕೊಡು."

ಮಗಳು ಕತ್ತರಿ ಕೊಟ್ಟು ಮುಖ ತಿರುಗಿಸಿದಳು. ಸಾವ್ ಪಿಂಗ್ ರಟ್ಟನ್ನು ಮಂಡಿಯ ಮೇಲಿಟ್ಟು, ಕಪ್ಪು ಗುಂಡಿಗೂ ಕೆಂಪು ಗುಂಡಿಗಳಿಗೂ ನಡುವೆ ನೇರವಾಗಿ ಕತ್ತರಿಸಿದಳು. ಯೋಕ್ ಚಾನ್ ನಿಟ್ಟುಸಿರು ಬಿಟ್ಟು, ಎಡಗಡೆಯ ತುಂಡನ್ನು ಎಸೆಯಬೇಕೆಂದು ನೆನಪಿಸಿದಳು. ಸಾವ್ ಪಿಂಗ್ ಅದನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದಳು, ತಿರುಗಿ ನೋಡಲಿಲ್ಲ. ಉಳಿದ ತುಂಡನ್ನು ತೆಗೆದುಕೊಳ್ಳಲು ಲೋಕ್ ಕೈ ಚಾಚಿದ.

"ತಡೀರಿ," ಎಂದಳು. "ನಿಮ್ಮ ಪೆನ್ನು ಕೊಡಿ."

ಕೆಂಪು ಗುಂಡಿಗಳ ಮೇಲೆ ಸ್ವಲ್ಪ ಖಾಲಿ ಜಾಗವಿತ್ತು. ಅಲ್ಲಿ ಅವಳು ಕೂಡುಗುರುತಿನ ಗುಂಡಿಯನ್ನು ಬರೆದಳು. ಗೆರೆ ತೆಳುವಾಯಿತೆಂದು ಇನ್ನೊಮ್ಮೆ ತೀಡಿದಳು. ಆಮೇಲೆ ಅದನ್ನು ಬರಿಯ ಬಲಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಕೆಂಪು ಗುಂಡಿಯಿಂದ ಅಲ್ಲಿಗೆ ಚಾಚಿ ನೋಡಿದಳು. ಎಟುಕಲಿಲ್ಲ. ಅವನ ಕೈ ದೊಡ್ಡದು, ಆದರೆ ಈಚೆಗೆ ಬಲಗೈಯ ಬೆರಳುಗಳೂ ಮಡಿಚಿಕೊಳ್ಳತೊಡಗಿದ್ದವು. ಬರೆದದ್ದನ್ನು ಹೊಡೆದುಹಾಕಿ, ಇನ್ನಷ್ಟು ಕೆಳಗೆ, ಕೆಂಪು ಗುಂಡಿಯ ಮಗ್ಗುಲಿಗೇ ಇನ್ನೊಂದನ್ನು ಬರೆದಳು. ಮತ್ತೆ ಹಿಡಿದಳು. ಮೇಲೆ, ಎಡಕ್ಕೆ, ಗುಂಡು. ಕೆಳಗೆ, ಬಲಕ್ಕೆ, ಗುಂಡು. ಮಾಹ್ಜಾಂಗ್ ಬಿಲ್ಲೆಗಳ ಸದ್ದು ನಿಂತು ಎಲ್ಲರೂ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದರು.

"ಒಂದೇ ಕೈಲಿ ಎರಡೂ ಆಗುತ್ತೇನೇ ಅವನಿಗೆ?" ಎಂದು ಯೋಕ್ ಚಾನ್ ಮೆಲ್ಲಗೆ ಕೇಳಿದಳು.

"ಅಭ್ಯಾಸ ಆಗ್ಬೇಕು, ಅತ್ತಿಗೆ. ಮೊದಮೊದಲು ಸೋಲ್ತಾರೆ."

ಅವಳೇ ಎದ್ದು ಹೋಗಿ ಅದನ್ನು ಕಾಗದದ ಟಿ.ವಿ.ಯ ಮುಂದೆ ಇಟ್ಟಳು. ಯೀ ತೆಂಗ್ ಅಮ್ಮನ ಭುಜ ಹಿಡಿದು ಕುರ್ಚಿಗೆ ಕರೆತಂದು ಕೂರಿಸಿದಳು. ಪುರೋಹಿತ ಗಂಟೆ ಬಾರಿಸಿದ, ಲೋಕ್ ನಾಲ್ಕು ಮೂಲೆಗೂ ಬೆಂಕಿ ಮುಟ್ಟಿಸಿದ. ಮನೆ ಭಗ್ಗೆಂದು ಹತ್ತಿಕೊಂಡಿತು. ಶಾಖಕ್ಕೆ ಜನ ಕುರ್ಚಿಗಳನ್ನು ಎಳೆದುಕೊಂಡು ಹಿಂದೆ ಸರಿದರು. ಸಾವ್ ಪಿಂಗ್ ಸರಿಯಲಿಲ್ಲ. ಅವಳ ಬಲಗೈಯಲ್ಲಿ ಊದುಕಡ್ಡಿಗಳಿದ್ದವು. ಎಡಗೈ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು, ಮಾಡಲು ಕೆಲಸವಿಲ್ಲದೆ.